ಉಸಿರೆತ್ತದ ಮಗು

ಕಳೆದ ಜನವರಿಯ ಒಂದು ಮಧ್ಯಾಹ್ನ ಮಗಳ ಶಾಲೆಯಿಂದ ಫೋನ್ ಬಂತು. ಆಟದ ಪೀರಿಯಡ್ಡಿನಲ್ಲಿ ಓಡುತ್ತಿದ್ದವಳು ಕೂತುಬಿಟ್ಟಿದ್ದಾಳೆ, ಬೇಗ ಬನ್ನಿ ಅಂದರು. ನಾನು ಹೋದಾಗ ಪುಟ್ಟಿ ಸ್ಟಾಫ್ ರೂಮಿನ ಬೆಂಚಿನ ಮೇಲೆ ಎರಡೂ ಕೈ ಮೊಣಕಾಲಿಗೆ ಊರಿಕೊಂಡು, ಮುಂದಕ್ಕೆ ಬಾಗಿ ಕೂತಿದ್ದಳು. ಪ್ರತಿ ಉಸಿರಿಗೂ ಭುಜ ಮೇಲೇಳುತ್ತಿತ್ತು, ಕತ್ತಿನ ಬುಡದ ಕುಳಿ ಒಳಕ್ಕೆ ಎಳೆದುಕೊಳ್ಳುತ್ತಿತ್ತು. ಆರು ವರ್ಷದ ಮಗು. ಅವಳ ನೀಲಿ ಇನ್ಹೇಲರ್ ಅವಳ ಬ್ಯಾಗಿನಲ್ಲೇ, ಊಟದ ಡಬ್ಬಿಯ ಕೆಳಗೆ ಕರ್ಚೀಫಿನಲ್ಲಿ ಸುತ್ತಿಕೊಂಡು ಬಿದ್ದಿತ್ತು. ಅದು ಅಲ್ಲಿದೆಯೆಂದು ಟೀಚರಿಗೆ ಗೊತ್ತಿರಲಿಲ್ಲ. ಗೊತ್ತಿದ್ದವಳು ಹೇಳಿರಲಿಲ್ಲ.

ಔಷಧಿ ಒಳಗೆ ಹೋದ ಮೇಲೆ ಚೇತರಿಸಿಕೊಂಡಳು. ರಾತ್ರಿ ಮಲಗಿಸುವಾಗ ಮೆಲ್ಲಗೆ ಕೇಳಿದೆ, "ಎದೆ ಬಿಗಿಯಾಗೋಕೆ ಶುರುವಾದಾಗಲೇ ಯಾಕೆ ಹೇಳಲಿಲ್ಲ ಪುಟ್ಟಿ?"

ಅವಳು ಗೋಡೆಯ ಕಡೆ ತಿರುಗಿಕೊಂಡು ಹೇಳಿದಳು, "ಹೇಳಿದ್ರೆ ನೀನು ನಾಳೆಯಿಂದ ಆಟಕ್ಕೆ ಬಿಡಲ್ಲ. ಆಮೇಲೆ ಅಜ್ಜಿ ಯಾರ ಹತ್ರಾನೂ ಉಸಿರೆತ್ತಬೇಡ ಅಂದಿದಾರಲ್ಲಪ್ಪ."

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವಳ ಎದೆಯ ಸದ್ದಿಗಿಂತ ಹೆಚ್ಚಾಗಿ ಆ ಎರಡು ವಾಕ್ಯಗಳು ಕಾಡಿದವು. ಮೊದಲನೆಯದು ನನ್ನ ಮೇಲಿನ ಆರೋಪ, ಎರಡನೆಯದು ನಮ್ಮ ಇಡೀ ಮನೆಯ ಮೇಲಿನದು. ಎರಡೂ ನಿಜವಾಗಿದ್ದವು.

ಅಜ್ಜಿ ಎಂದರೆ ನನ್ನ ಅಮ್ಮ. ಅವಳು ಕೆಟ್ಟವಳಲ್ಲ. ಅವಳ ಚಿಕ್ಕಮ್ಮನೊಬ್ಬಳಿಗೆ ಉಬ್ಬಸವಿತ್ತಂತೆ, ಆ ಕಾರಣಕ್ಕೇ ಬಂದ ಸಂಬಂಧಗಳೆಲ್ಲ ತಪ್ಪಿಹೋಗಿ ಕೊನೆಗೆ ತವರಿನ ಹಿತ್ತಿಲಿನಲ್ಲೇ ಮುದುಕಿಯಾದಳಂತೆ. "ಹೆಣ್ಣುಮಗು ಕಣೋ, ಊರಿಗೆಲ್ಲ ಡಂಗುರ ಸಾರಬೇಡ" ಎಂದು ಅಮ್ಮ ಹೇಳಿದಾಗ ಅವಳ ಕಣ್ಣ ಮುಂದೆ ಇದ್ದದ್ದು ಆ ಚಿಕ್ಕಮ್ಮ. ನಾನು ಎದುರಾಡಲಿಲ್ಲ. ಶಾಲೆಯ ಅರ್ಜಿಯಲ್ಲಿ ಕಾಯಿಲೆಯ ಬಗ್ಗೆ ಕೇಳಿದ್ದ ಜಾಗದಲ್ಲಿ 'ಇಲ್ಲ' ಎಂದು ಬರೆದವನು ನಾನೇ.

ಹಾಗಂತ ಇದೇನೂ ಅಪರೂಪದ ಕಾಯಿಲೆಯಲ್ಲ. ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ 18 ವರ್ಷದೊಳಗಿನ ಮಕ್ಕಳನ್ನು ವರ್ಷಗಳ ಕಾಲ ಗಮನಿಸಿದ್ದರು. 1979ರಲ್ಲಿ ಅವರಲ್ಲಿ ಶೇ. 9 ಮಕ್ಕಳಿಗೆ ಅಸ್ತಮಾ ಇತ್ತು, 1999ರ ಹೊತ್ತಿಗೆ ಅದು ಶೇ. 29.5ಕ್ಕೆ ಏರಿತ್ತು. ಇಷ್ಟು ಮಕ್ಕಳಿರುವ ಊರಿನಲ್ಲಿ ನನ್ನ ಮಗಳಿಗೆ ತನ್ನಂಥ ಇನ್ನೊಂದು ಮಗುವಿನ ಪರಿಚಯ ಇರಲಿಲ್ಲ.

ಇನ್ನು ಮೊದಲನೆಯ ಆರೋಪ. ಅದಕ್ಕೆ ಉತ್ತರ ಹೇಳಬೇಕಾದರೆ ನನ್ನ ಬಾಲ್ಯಕ್ಕೇ ಹೋಗಬೇಕು. ನಾನೂ ಉಬ್ಬಸದ ಮಗುವೇ. ತೀರ್ಥಹಳ್ಳಿಯ ಹತ್ತಿರದ ನಮ್ಮ ಹಳ್ಳಿಯಲ್ಲಿ ಮಳೆ ಹಿಡಿಯಿತೆಂದರೆ ನನ್ನ ಎದೆಯಲ್ಲಿ ಬೆಕ್ಕಿನ ಮರಿ ಸೇರಿಕೊಂಡಂತೆ ಗೊರಗೊರ ಸದ್ದು. ಬಾಳೆಹಣ್ಣು ಬೇಡ, ಮೊಸರು ಬೇಡ, ಹಳ್ಳಕ್ಕೆ ಇಳಿಯಬೇಡ, ಎಳ್ಳಮಾವಾಸ್ಯೆ ಜಾತ್ರೆಗೆ ಹೋಗಬೇಡ, ಥಂಡಿ. ಓರಗೆಯ ಹುಡುಗರು ಗದ್ದೆ ಬಯಲಿನಲ್ಲಿ ಕುಣಿಯುವುದನ್ನು ಜಗುಲಿಯ ಕಂಬಕ್ಕೆ ಒರಗಿ ನೋಡುತ್ತಿದ್ದೆ. ಒಂದು ವರ್ಷ ಮೃಗಶಿರಾ ಮಳೆ ಹುಟ್ಟುವ ದಿನಕ್ಕೆ ಸರಿಯಾಗಿ ಅಪ್ಪ ಸಾಲ ಮಾಡಿ ನನ್ನನ್ನು ಹೈದರಾಬಾದಿಗೆ ಕರೆದುಕೊಂಡು ಹೋಗಿದ್ದರು. ಅಲ್ಲಿ ಜೀವಂತ ಮರಿಮೀನಿನ ಬಾಯಿಗೆ ಔಷಧಿ ತುಂಬಿ ನುಂಗಿಸುತ್ತಾರೆ, ಮೀನು ತಿನ್ನದವರಿಗೆ ಬೆಲ್ಲದಲ್ಲಿ ಕೊಡುತ್ತಾರೆ. ನನಗೆ ಬೆಲ್ಲ ಸಿಕ್ಕಿತು. ಉಬ್ಬಸ ಹೋಗಲಿಲ್ಲ. ಅಪ್ಪನ ಪ್ರೀತಿಯ ಬಗ್ಗೆ ನನಗೆ ಅಂದೂ ಅನುಮಾನವಿರಲಿಲ್ಲ, ಇಂದೂ ಇಲ್ಲ. ಆದರೆ ಅಷ್ಟು ವರ್ಷಗಳಲ್ಲಿ ಯಾರೊಬ್ಬರೂ "ನಿನಗೆ ಹೇಗಾಗುತ್ತೆ?" ಎಂದು ನನ್ನನ್ನೇ ಕೇಳಿದ ನೆನಪಿಲ್ಲ.

ಅಪ್ಪನಾದ ಮೇಲೆ ನಾನೂ ಅದೇ ಜಗುಲಿ ಕಟ್ಟಿದೆ. ಧೂಳು, ಓಟ, ಗೆಳತಿಯ ಮನೆಯ ನಾಯಿಮರಿ, ಹುಟ್ಟುಹಬ್ಬದ ಬಲೂನು ಎಲ್ಲಕ್ಕೂ ಬೇಡ ಅಂದೆ. ಅವಳು ಒಮ್ಮೆ ಕೆಮ್ಮಿದರೆ ಆ ವಾರದ ಆಟ ರದ್ದು. ಆರು ವರ್ಷದ ಮಗು ಇದರಿಂದ ಕಲಿತ ಪಾಠ ಬಹಳ ಸರಳ. ಕೆಮ್ಮು ಬಂದರೆ ನುಂಗಿಕೊಳ್ಳಬೇಕು.

ಪ್ರಶ್ನೆ ಇರುವುದು ಇಲ್ಲಿ. ಮಗುವನ್ನು ಕಾಪಾಡಲು ಅದರ ಇಷ್ಟವನ್ನು ಮೀರುವ ಹಕ್ಕು ನಮಗಿದೆಯೇ? ಇದೆ ಎಂದೇ ಎಲ್ಲರೂ ಹೇಳುತ್ತಾರೆ. ವ್ಯಕ್ತಿಸ್ವಾತಂತ್ರ್ಯದ ಪರವಾಗಿ ಅಷ್ಟು ಗಟ್ಟಿಯಾಗಿ ವಾದಿಸಿದ ಜಾನ್ ಸ್ಟುವರ್ಟ್ ಮಿಲ್ ಕೂಡ 1859ರ 'ಆನ್ ಲಿಬರ್ಟಿ'ಯಲ್ಲಿ ಮಕ್ಕಳನ್ನು ಆ ತತ್ವದಿಂದ ಹೊರಗಿಟ್ಟ. ಬೆಳೆದವರನ್ನು ಅವರ ಒಳ್ಳೆಯದಕ್ಕೆಂದೇ ಆದರೂ ಬಲವಂತ ಮಾಡಬಾರದು, ಮಕ್ಕಳ ವಿಷಯ ಬೇರೆ ಎಂಬುದು ಅವನ ನಿಲುವು. ಬೆಂಕಿಗೆ ಕೈಯಿಡಲು ಹೊರಟ ಮಗುವಿನ ಕೈ ಹಿಡಿಯಲು ಯಾರ ಅಪ್ಪಣೆಯೂ ಬೇಡ.

ಆದರೆ ಬೆಂಕಿ ನಮಗೂ ಕಾಣುತ್ತದೆ, ಉಬ್ಬಸ ಹಾಗಲ್ಲ. ಶ್ವಾಸನಾಳದ ಒಳಗೋಡೆ ಊದಿಕೊಂಡು, ಸುತ್ತಲಿನ ಸ್ನಾಯು ಬಿಗಿದು, ಕಫ ಸೇರಿ ದಾರಿ ಕಿರಿದಾಗುತ್ತದೆ. ಎಳೆದುಕೊಂಡ ಉಸಿರನ್ನು ಹೊರಗೆ ಬಿಡುವುದೇ ಹೆಚ್ಚು ಕಷ್ಟ. ಸಿಳ್ಳೆಯಂಥ ಸದ್ದು ನಮ್ಮ ಕಿವಿಗೆ ಬೀಳುವ ಹೊತ್ತಿಗೆ ದಾರಿ ಆಗಲೇ ಕಿರಿದಾಗಿರುತ್ತದೆ. ಅದಕ್ಕೂ ಮುಂಚಿನ ಮೊದಲ ಬಿಗಿತ ಗೊತ್ತಾಗುವುದು ಆ ಎದೆಯ ಒಡತಿಗೆ ಮಾತ್ರ. ಅವಳು ಹೇಳದಿದ್ದರೆ ನನ್ನ ಪ್ರೀತಿ, ಡಾಕ್ಟರ ವಿದ್ಯೆ, ಬ್ಯಾಗಿನೊಳಗಿನ ಔಷಧಿ ಯಾವುದೂ ಕೆಲಸಕ್ಕೆ ಬಾರದು. ಅವಳ ಮಾತನ್ನು ಬಾಯಿಗೇ ಬರದಂತೆ ಮಾಡಿದ ನನ್ನ ಕಾವಲು ಹಾಗಾದರೆ ಯಾರನ್ನು ಕಾಯುತ್ತಿತ್ತು? ನನ್ನ ಹೆದರಿಕೆಯನ್ನು, ಅಷ್ಟೆ.

ಈ ಮಾತನ್ನು ಹೆಂಡತಿಯ ಮುಂದೆ ಹೇಳಿದಾಗ ಅವಳು ತಲೆದೂಗಲಿಲ್ಲ. "ನಿಮ್ಮ ತತ್ವಕ್ಕೆ ಅವಳ ಉಸಿರನ್ನ ಪಣಕ್ಕಿಡಬೇಡಿ" ಅಂದಳು. ಅವಳ ಮಾತನ್ನೂ ತಳ್ಳಿಹಾಕುವಂತಿಲ್ಲ. ಉಬ್ಬಸ ಜೀವ ತೆಗೆಯಬಲ್ಲ ಕಾಯಿಲೆ. ಎಲ್ಲವನ್ನೂ ಮಗುವಿಗೆ ಬಿಟ್ಟು ಕೈತೊಳೆದುಕೊಳ್ಳುವುದು ಸ್ವಾತಂತ್ರ್ಯ ಕೊಟ್ಟಂತಲ್ಲ, ಅದು ಇನ್ನೊಂದು ಬಗೆಯ ಸೋಮಾರಿತನ. ಕೊನೆಗೆ ನಾವಿಬ್ಬರೂ ಪುಟ್ಟಿಯನ್ನು ನಡುವೆ ಕೂರಿಸಿಕೊಂಡು ಒಂದು ಒಪ್ಪಂದ ಮಾಡಿಕೊಂಡೆವು. ದಿನಾ ಬೆಳಿಗ್ಗೆ ರಾತ್ರಿ ತೆಗೆದುಕೊಳ್ಳುವ ಊತ ತಡೆಯುವ ಇನ್ಹೇಲರ್ ವಿಷಯದಲ್ಲಿ ಚೌಕಾಸಿ ಇಲ್ಲ, ಆರಾಮಾಗಿದ್ದ ದಿನವೂ ಅದನ್ನು ತೆಗೆದುಕೊಳ್ಳಬೇಕು, ಆಮೇಲೆ ಬಾಯಿ ಮುಕ್ಕಳಿಸಬೇಕು. ನೀಲಿ ಇನ್ಹೇಲರಿಗೆ ಬಗ್ಗದಿದ್ದರೆ ಆಸ್ಪತ್ರೆಗೆ ಹೊರಡಬೇಕು, ಅಲ್ಲೂ ಮಾತಿಲ್ಲ. ಇವೆರಡು ನಮ್ಮ ಪಾಲು. ಎದೆ ಬಿಗಿಯಾಯಿತೆಂದು ಹೇಳುವುದು ಅವಳ ಪಾಲು. ಹೇಳಿದ ತಪ್ಪಿಗೆ ನಾಳಿನ ಆಟ ಯಾವತ್ತೂ ರದ್ದಾಗುವುದಿಲ್ಲ, ಇದು ನಾವು ಕೊಟ್ಟ ಭಾಷೆ.

ಡಾಕ್ಟರು ಓಟಕ್ಕೆ 15 ನಿಮಿಷ ಮೊದಲು ಏನು ತೆಗೆದುಕೊಳ್ಳಬೇಕೆಂದು ಬರೆದುಕೊಟ್ಟರು. ನಾನು ಶಾಲೆಗೆ ಹೋಗಿ ಟೀಚರ ಕ್ಷಮೆ ಕೇಳಿ, ಉಬ್ಬಸ ಬಂದರೆ ಏನು ಮಾಡಬೇಕೆಂಬ ಒಂದು ಹಾಳೆ ಕೊಟ್ಟುಬಂದೆ. ಅದೇ ವಾರ ಇನ್ನೂ ಇಬ್ಬರು ಮಕ್ಕಳ ತಂದೆತಾಯಿ ತಮ್ಮ ಮಕ್ಕಳ ಬ್ಯಾಗಿನಲ್ಲೂ ಇನ್ಹೇಲರ್ ಇದೆಯೆಂದು ತಿಳಿಸಿದರಂತೆ.

ಇನ್ಹೇಲರಿನ ಚರಿತ್ರೆಯಲ್ಲೇ ಒಂದು ಮಗುವಿನ ಮಾತಿದೆ. 1955ರವರೆಗೂ ಉಬ್ಬಸದವರು ರಬ್ಬರ್ ಬುರುಡೆ ಒತ್ತುವ ಗಾಜಿನ ಉಪಕರಣದಿಂದ ಔಷಧಿ ಎಳೆದುಕೊಳ್ಳಬೇಕಿತ್ತು, ಅದು ಬಿದ್ದರೆ ಒಡೆಯುತ್ತಿತ್ತು. ಅಮೆರಿಕದ ರೈಕರ್ ಲ್ಯಾಬೊರೇಟರೀಸ್ ಎಂಬ ಔಷಧ ಕಂಪನಿಯ ಮುಖ್ಯಸ್ಥ ಜಾರ್ಜ್ ಮೇಸನ್ ಅವರ 13 ವರ್ಷದ ಮಗಳಿಗೂ ಉಬ್ಬಸ. ಕೂದಲಿಗೆ ಹೊಡೆದುಕೊಳ್ಳುವ ಸ್ಪ್ರೇಯಂಥ ಡಬ್ಬಿಯಲ್ಲಿ ನನ್ನ ಔಷಧಿಯನ್ನೂ ಯಾಕೆ ತುಂಬಬಾರದು ಎಂದು ಅವಳು ಅಪ್ಪನನ್ನು ಕೇಳಿದಳು. ಅಪ್ಪ ಆ ಪ್ರಶ್ನೆಯನ್ನು ಪ್ರಯೋಗಾಲಯಕ್ಕೆ ಒಯ್ದ. 1956ರಲ್ಲಿ ಇನ್ಹೇಲರ್ ಮಾರುಕಟ್ಟೆಗೆ ಬಂತು. ಆ ಅಪ್ಪ ದೊಡ್ಡ ಕಂಪನಿಯ ಯಜಮಾನನಾಗಿದ್ದ ನಿಜ. ಆದರೆ ಮಗಳ ಮಾತನ್ನು ಕೇಳಿಸಿಕೊಳ್ಳುವುದಕ್ಕೆ ಕಂಪನಿ ಬೇಕಾಗಿರಲಿಲ್ಲ.

ನಮ್ಮ ಒಪ್ಪಂದ ಎಲ್ಲವನ್ನೂ ಸರಿಮಾಡಿತೆಂದು ಹೇಳಲಾರೆ. ಈಗಲೂ ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ಅವಳ ಉಸಿರು ಎಣಿಸುತ್ತೇನೆ. ಅಮ್ಮ ದೇವರ ಮುಂದೆ ಊದುಬತ್ತಿ ಹಚ್ಚುವುದನ್ನು ಬಿಟ್ಟು ಬರೀ ದೀಪ ಹಚ್ಚುತ್ತಾಳೆ, ಆದರೂ ಯಾರಾದರೂ ಮನೆಗೆ ಬಂದರೆ ಸ್ಪೇಸರನ್ನು ಬೀರುವಿನೊಳಗೆ ಇಡುವ ಚಾಳಿ ಪೂರ್ತಿ ಹೋಗಿರಲಿಲ್ಲ.

ಮೊನ್ನೆ ಸಂಜೆ ರಸ್ತೆಯಲ್ಲಿ ಲಗೋರಿ ಆಡುತ್ತಿದ್ದ ಪುಟ್ಟಿ ಆಟದ ನಡುವೆಯೇ ಬಂದು, "ಅಪ್ಪಾ, ಬಿಗಿ ಆಗ್ತಿದೆ" ಅಂದಳು. ಮೆಟ್ಟಿಲ ಮೇಲೆ ಕೂರಿಸಿ, ಇನ್ಹೇಲರನ್ನು ಅಲ್ಲಾಡಿಸಿ ಸ್ಪೇಸರಿಗೆ ಸಿಕ್ಕಿಸಿ ಕೊಟ್ಟೆ. ಒಂದೊಂದು ಸಲ ಒತ್ತಿದಾಗಲೂ ಐದೈದು ಉಸಿರು, ಅವಳೇ ಬೆರಳು ಮಡಚಿ ಎಣಿಸಿಕೊಂಡಳು. ಮಕ್ಕಳೆಲ್ಲ ಸುತ್ತ ನಿಂತು ನೋಡಿದರು. ಹದಿನೈದು ನಿಮಿಷ ಕಳೆಯಿತು. ಮುಖ ತಿಳಿಯಾಯಿತು. ನಾನು ಕಿವಿಗೊಟ್ಟೆ, ಸದ್ದಿರಲಿಲ್ಲ. "ಈಗ ಹೋಗ್ಲಾ?" ಎಂದು ಕೇಳಿದಳು. ಬೇಡ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಕೊಟ್ಟ ಭಾಷೆ ನೆನಪಾಯಿತು. "ಮತ್ತೆ ಬಿಗಿಯಾದ್ರೆ ಬಂದು ಹೇಳ್ಬೇಕು" ಅಂದೆ. ಓಡಿದಳು.

ಎದುರು ಮನೆಯವರು ಗೇಟಿನ ಹತ್ತಿರ ಬಂದು, "ಏನಾಯ್ತು ಮಗೂಗೆ?" ಎಂದು ಅಮ್ಮನನ್ನು ಕೇಳಿದರು. ಅಮ್ಮ ಸೊಪ್ಪು ಬಿಡಿಸುತ್ತಿದ್ದವಳು ಒಂದು ಗಳಿಗೆ ಸುಮ್ಮನಿದ್ದಳು. ಆಮೇಲೆ ಎದುರುಮನೆಗೂ ಪಕ್ಕದ ಮನೆಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದಳು:

"ಉಬ್ಬಸ ಕಣ್ರೀ. ಔಷಧಿ ತಗೊಂಡು ಆಡ್ತಾಳೆ."