ಒಬ್ಬನೇ ಹತ್ತಿದ ಬೆಟ್ಟ

ತಾರಸಿಯ ಅಂಚಿನಿಂದ ಬೀದಿ ನೋಡಿದರೂ ಕಾಲು ನಡುಗುವ ಆಸಾಮಿ ನಾನು. ಅರವತ್ತು ದಾಟಿದ ಮೇಲೆ ಒಬ್ಬನೇ ಶಿವಗಂಗೆ ಹತ್ತುತ್ತೇನೆಂದರೆ ಮನೆಯವರು ನಗದೆ ಇರುತ್ತಾರೆಯೆ? ಸಮುದ್ರಮಟ್ಟದಿಂದ 4,500 ಅಡಿಗೂ ಮಿಕ್ಕ ಬೆಟ್ಟ. ಒಳಕಲ್ಲು ತೀರ್ಥದವರೆಗೆ ತೊಂದರೆಯಿಲ್ಲ. ಅಲ್ಲಿ ಪುಣ್ಯವಂತರ ಕೈಗೆ ನೀರು ಸಿಗುತ್ತದಂತೆ. ನನಗೂ ಸಿಕ್ಕಿತು, ಆದರೆ ಮೊಣಕಾಲಿನ ನಡುಕ ನಿಲ್ಲಲಿಲ್ಲ. ಅದರಾಚೆ ಬಂಡೆಯಲ್ಲೇ ಕಡಿದ ಮೆಟ್ಟಿಲು, ಕಬ್ಬಿಣದ ಕಂಬಿ, ಕೆಳಗೆ ಬರಿಯ ಬಯಲು.

ಜೊತೆಗೊಬ್ಬರನ್ನು ಕರೆದೊಯ್ಯಬಾರದೆ ಎನ್ನುತ್ತೀರಿ. ಅದನ್ನೂ ಮಾಡಿ ನೋಡಿದ್ದೇನೆ. ಅವರೆದುರು ಧೈರ್ಯಸ್ಥನ ವೇಷ ಹಾಕಿ, ಹಿಂತಿರುಗಬೇಕಾದ ಕಡೆಯಲ್ಲೂ ಹೆಜ್ಜೆ ಮುಂದಿಟ್ಟೆ. ಒಬ್ಬನೇ ಇದ್ದರೆ ಆ ಸೋಗು ಬೇಕಿಲ್ಲ. ಕೂತು, ತೆವಳಿ ಏರಬಹುದು, ಸಾಕೆನಿಸಿದರೆ ಇಳಿಯಬಹುದು. ಮೂರು ಸಲ ಹಾಗೇ ಇಳಿದೆ. ನಾಲ್ಕನೆಯ ಸಲ ನೆತ್ತಿ ಮುಟ್ಟಿದಾಗಲೂ ಹೆದರಿಕೆಯೇನೂ ಹೋಗಿರಲಿಲ್ಲ.

ಆದರೆ ಒಂದು ಪ್ರಶ್ನೆ ಕುಟುಕುತ್ತದೆ. ಕಾಲು ಜಾರಿದರೆ ನನ್ನನ್ನು ಹೊತ್ತಿಳಿಸುವವರು ಯಾರು? ನನ್ನ ಹಟದ ಸುದ್ದಿಯೇ ತಿಳಿಯದ ಯಾರೋ ನಾಲ್ವರು. ಅದಕ್ಕೇ ಈಗ ಇಳಿದು ಬರುವ ಹೊತ್ತನ್ನು ಹೆಂಡತಿಗೆ ಹೇಳಿ ಹೊರಡುತ್ತೇನೆ. ಅವಳು ಗಡಿಯಾರ ನೋಡುತ್ತ ಕೂರುತ್ತಾಳೆ. "ಒಬ್ಬರೇ ಹೋಗಿ ಬಂದಿರಾ?" ಎಂದು ಯಾರಾದರೂ ಕೇಳಿದರೆ ಹೌದೆನ್ನಲು ನಾಲಗೆ ತಡೆಯುತ್ತದೆ.