ಕಾಲಚಕ್ರವೂ ನಮ್ಮ ಹೊಣೆಯೂ

"ಮಳೆ ಬರುವದೂ ತಪ್ಪುವದೂ ಕಾಲಚಕ್ರವಲ್ಲವೇ? ಅದರಲ್ಲಿ ಮನುಷ್ಯನ ತಪ್ಪೇನು?" ಎಂದು ಅನೇಕರು ಕೇಳುವದುಂಟು. ಪ್ರಿಯ ವಾಚಕರೇ, ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಬಿಡಬಾರದು. ಯಾಕಂದರೆ ಅದರಲ್ಲಿ ಅರ್ಧ ಸತ್ಯ ಉಂಟು.

1876ರಿಂದ 1878ರ ವರೆಗೆ ಮೈಸೂರು, ಬಳ್ಳಾರಿ ಸೀಮೆಗಳನ್ನು ಘೋರವಾದ ಕ್ಷಾಮವು ಬಾಧಿಸಿತು. ಲಕ್ಷಾಂತರ ಜನರು ಸತ್ತರು. ಪೆಸಿಫಿಕ್ ಮಹಾಸಾಗರದ ನೀರು ಕೆಲವು ವರ್ಷಗಳಿಗೊಮ್ಮೆ ಹೆಚ್ಚಾಗಿ ಕಾಯುವದೆಂದೂ, ಎಲ್ ನಿನೊ ಎಂಬ ಆ ಕಾವು ನಮ್ಮ ಮುಂಗಾರನ್ನು ಅನೇಕ ಸಾರಿ ಕುಂದಿಸುವದೆಂದೂ, 1877ರಲ್ಲಿ ಅದು ಬಹು ಪ್ರಬಲವಾಗಿತ್ತೆಂದೂ ಪಂಡಿತರು ತರುವಾಯ ಕಂಡುಕೊಂಡರು. ಇದು ಮನುಷ್ಯನು ಮಾಡಿದ್ದಲ್ಲ. ಆದರೂ ಅದೇ ಬರಗಾಲದಲ್ಲಿ ಈ ದೇಶದ ಧಾನ್ಯವು ಹಡಗೇರಿ ಹೊರದೇಶಗಳಿಗೆ ಹೋಗುತ್ತಿತ್ತು. ಅದನ್ನು ಸಾಗಿಸಿದ್ದು ಸಮುದ್ರದ ಕಾವಲ್ಲ. ಮಳೆ ತಪ್ಪಿದ್ದು ಪ್ರಕೃತಿಯ ಕಾರ್ಯವೆಂದು ಒಪ್ಪಿದ ಮಾತ್ರಕ್ಕೆ ಮನುಷ್ಯನು ನಿರ್ದೋಷಿಯಾಗಲಿಲ್ಲ.

ಈಗಿನ ಕಾಲದ ವಿಷಯವೂ ಹೀಗೆಯೇ. ಸೂರ್ಯನ ಕಲೆಗಳು ಸುಮಾರು 11 ವರ್ಷಗಳಿಗೊಮ್ಮೆ ಹೆಚ್ಚಿ ಕಡಿಮೆಯಾಗುವವು. ಭೂಮಿಯು ಸೂರ್ಯನನ್ನು ಸುತ್ತುವ ದಾರಿಯು ಸಾವಿರಾರು ವರ್ಷಗಳಲ್ಲಿ ಬದಲಾಗಿ ಹಿಮಯುಗಗಳನ್ನು ತರುವದು. ಇವೆಲ್ಲಾ ನಿಜವೇ. ಆದರೆ 1850ರಿಂದ 1900ರ ವರೆಗಿದ್ದ ತಾಪಕ್ಕಿಂತ 2011ರಿಂದ 2020ರ ವರೆಗೆ ಭೂಮಿಯು ಸುಮಾರು 1.1 ಡಿಗ್ರಿ ಸೆಂಟಿಗ್ರೇಡಿನಷ್ಟು ಹೆಚ್ಚು ಕಾಯಿತು; ಕಳೆದ ನಾಲ್ವತ್ತು ವರ್ಷಗಳಲ್ಲಿ ಸೂರ್ಯನ ತಾಪವಾದರೋ ಹೆಚ್ಚುತ್ತಾ ಬರಲಿಲ್ಲ. ಸೂರ್ಯನೇ ಕಾರಣನಾಗಿದ್ದರೆ ವಾಯುಮಂಡಲದ ಕೆಳಗಣ ಪದರದ ಹಾಗೆ ಮೇಲಣ ಪದರವೂ ಕಾಯಬೇಕಾಗಿತ್ತು; ಅದು ತಣ್ಣಗಾಗಿದೆ. ಮನುಷ್ಯನು ಕಲ್ಲಿದ್ದಲನ್ನೂ ಎಣ್ಣೆಯನ್ನೂ ಸುಟ್ಟದ್ದರಿಂದ, ಶಾಖವನ್ನು ಹಿಡಿದಿಡುವ ಇಂಗಾಲಾಮ್ಲವಾಯುವು ಗಾಳಿಯ ಹತ್ತು ಲಕ್ಷ ಪಾಲುಗಳಲ್ಲಿ ಸುಮಾರು 280 ಪಾಲು ಇದ್ದದ್ದು 420ಕ್ಕೂ ಮೇಲೆ ಏರಿದೆ.

ಹಾಗಾದರೆ ತಿಳಿಯದ್ದು ಯಾವದೂ ಇಲ್ಲವೋ? ಉಂಟು. ಈ ವಾಯುವು ಇಮ್ಮಡಿಯಾದರೆ ತಾಪವು 2.5 ಡಿಗ್ರಿ ಏರುವದೋ 4 ಡಿಗ್ರಿ ಏರುವದೋ ಎಂಬದನ್ನು ಪಂಡಿತರು ಖಂಡಿತವಾಗಿ ಹೇಳಲಾರರು. ಆದರೆ ಸಂಶಯವು ಕೈಕಟ್ಟಿ ಕೂತುಕೊಳ್ಳುವದಕ್ಕೆ ಅಪ್ಪಣೆಯೋ? ಈ ವರ್ಷ ಮಳೆ ಎಷ್ಟು ಬೀಳುವದೆಂದು ರೈತನು ಅರಿಯನು. ಅದರ ನಿಮಿತ್ತ ಅವನು ಕೆರೆಯ ಏರಿಯನ್ನು ಒಡಕಾಗಿ ಬಿಡುವದಿಲ್ಲ. ಅರಿಯದೆ ಇರುವದರಿಂದಲೇ ಮಳೆಗಾಲಕ್ಕೆ ಮುಂಚೆ ಅದನ್ನು ಭದ್ರಪಡಿಸುವನು.

ನಮ್ಮ ಹಳ್ಳಿಗಳ ಒಲೆಯ ಹೊಗೆ ಅಲ್ಪವೇ. ಹೆಚ್ಚು ಸುಟ್ಟವರು ಒಬ್ಬರು, ಮೊದಲು ಬಾಧೆಪಡುವವರು ಮತ್ತೊಬ್ಬರು. ಆದದರಿಂದಲೇ "ಎಲ್ಲಾ ಕಾಲಚಕ್ರ" ಎಂಬ ಮಾತನ್ನು ನಾವು ಯೋಚಿಸದೆ ಆಡಬಾರದು. ಬಡವನು ಸಮಾಧಾನಕ್ಕಾಗಿ ಆಡಿದ ಆ ಮಾತನ್ನೇ, ಹೆಚ್ಚು ಸುಡುವವನು ತನ್ನ ಬಿಡುಗಡೆಗೆ ಸಾಕ್ಷಿಯಾಗಿ ಎತ್ತಿಕೊಳ್ಳುವನು.