ಗಣಿತದ ವೇಗ ಮತ್ತು ಮಗುವಿನ ಹಿತ

ಮಗುವಿಗೆ ಅದರ ಸಹಪಾಠಿಗಳಿಗಿಂತ ಒಂದೆರಡು ವರ್ಷ ಮೊದಲೇ ಮೇಲಿನ ತರಗತಿಯ ಗಣಿತವನ್ನು ಕಲಿಸುವುದು ಉಚಿತವೇ? ಇದು ಕೇವಲ ಬೋಧನಾಕ್ರಮದ ಪ್ರಶ್ನೆಯೆಂದು ತೋರಬಹುದು. ಆದರೆ ಬಾಲ್ಯವು ಮರಳಿ ಬಾರದ ಸಂಪತ್ತು; ಅದನ್ನು ಯಾರ ಇಚ್ಛೆಯಂತೆ, ಯಾವುದಕ್ಕಾಗಿ ವ್ಯಯಿಸಬೇಕೆಂಬ ನೈತಿಕ ಪ್ರಶ್ನೆಯೂ ಇದರಲ್ಲಿ ಅಡಗಿದೆ.

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದ ಸಾರ್ವಜನಿಕ ಶಾಲಾ ಆಡಳಿತವು 2014ರಲ್ಲಿ ಎಂಟನೆಯ ತರಗತಿಯ ಬೀಜಗಣಿತವನ್ನು ಕೈಬಿಟ್ಟು, ಎಲ್ಲರೂ ಅದನ್ನು ಒಂಬತ್ತನೆಯ ತರಗತಿಯಲ್ಲಿಯೇ ಕಲಿಯಬೇಕೆಂದು ಗೊತ್ತುಪಡಿಸಿತು. ಮುಂದುವರಿದ ಗಣಿತದ ತರಗತಿಗಳಲ್ಲಿ ಕಪ್ಪು ಜನಾಂಗದ ಮಕ್ಕಳು ವಿರಳವಾಗಿದ್ದರು. ಆ ಭೇದವನ್ನು ಅಳಿಸುವುದೇ ಉದ್ದೇಶವಾಗಿತ್ತು. ಉದ್ದೇಶವು ಶ್ಲಾಘ್ಯವೇ. ಆದರೆ ಅನುಕೂಲಸ್ಥರು ಹಣ ತೆತ್ತು ಹೊರಗೆ ಪಾಠ ಹೇಳಿಸಿದರು. ಬಡವರ ಮನೆಯ ಚುರುಕಾದ ಮಗುವಿಗೆ ಆ ದಾರಿ ಸುಲಭವಾಗಿರಲಿಲ್ಲ. ಬೀಜಗಣಿತವನ್ನು ಎಂಟನೆಯ ತರಗತಿಗೆ ಮರಳಿ ತರಬೇಕೆಂದು 2024ರ ಮಾರ್ಚ್‌ನಲ್ಲಿ ನಗರದ ಮತದಾರರು ಭಾರಿ ಬಹುಮತದಿಂದ ಅಭಿಪ್ರಾಯವಿತ್ತರು. ಎಲ್ಲರನ್ನೂ ಒಂದೇ ಹೆಜ್ಜೆಯಲ್ಲಿ ನಡೆಸುವುದೇ ಸಮಾನತೆಯಲ್ಲ.

ಹಾಗೆಂದು ಎಲ್ಲರನ್ನೂ ಓಡಿಸುವುದೂ ನ್ಯಾಯವಾಗದು. ಭಾರತದಲ್ಲಿ ಆರು, ಏಳನೆಯ ತರಗತಿಯ ಮಕ್ಕಳನ್ನೇ ಐಐಟಿ ಪ್ರವೇಶ ಪರೀಕ್ಷೆಗೆ ಅಣಿಗೊಳಿಸುವ ಕೋಚಿಂಗ್ ತರಗತಿಗಳು ಹುಟ್ಟಿಕೊಂಡವು. ಹದಿನಾರು ವರ್ಷ ತುಂಬದವರನ್ನು ಇಂತಹ ಕೇಂದ್ರಗಳು ಸೇರಿಸಿಕೊಳ್ಳಬಾರದೆಂದು ಕೇಂದ್ರ ಶಿಕ್ಷಣ ಸಚಿವಾಲಯವು 2024ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಬೇಕಾಯಿತು. ಇಂತಹ ಕಡೆ ಬಹುಮಟ್ಟಿಗೆ ವೇಗವು ಮಗುವಿನ ಜಿಜ್ಞಾಸೆಯಿಂದ ಹುಟ್ಟಿದ್ದಲ್ಲ. ಹಿರಿಯರ ಭಯ ಮತ್ತು ಪ್ರತಿಷ್ಠೆಗಳಿಂದ ಹುಟ್ಟಿದ್ದು.

ಹಾಗಾದರೆ ಸರಿಯಾದ ಮಾರ್ಗ ಯಾವುದು? ಗಣಿತಜ್ಞ ಟೆರೆನ್ಸ್ ಟಾವೊ ಅವರ ಬಾಲ್ಯ ಇದಕ್ಕೆ ಉತ್ತರ ನೀಡುತ್ತದೆ. 1975ರಲ್ಲಿ ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಜನಿಸಿದ ಅವರನ್ನು ಮೂರೂವರೆ ವರ್ಷಕ್ಕೇ ಶಾಲೆಗೆ ಸೇರಿಸಲಾಯಿತು. ಮಗು ಬುದ್ಧಿಯಲ್ಲಿ ಮುಂದಿದ್ದರೂ ತರಗತಿಯ ಶಿಸ್ತಿಗೆ ಸಿದ್ಧವಾಗಿಲ್ಲವೆಂದು ಕೆಲವೇ ವಾರಗಳಲ್ಲಿ ಅರಿತ ತಂದೆತಾಯಿಗಳು ಯಾವ ಸಂಕೋಚವೂ ಇಲ್ಲದೆ ಹಿಂದಕ್ಕೆ ಕರೆತಂದರು. ಐದನೆಯ ವಯಸ್ಸಿನಲ್ಲಿ ಮತ್ತೆ ಸೇರಿದಾಗ ಒಂದೊಂದು ವಿಷಯಕ್ಕೆ ಒಂದೊಂದು ತರಗತಿಯಲ್ಲಿ ಕುಳಿತು ಕಲಿಯುವ ವ್ಯವಸ್ಥೆಯಾಯಿತು. ಗಣಿತದಲ್ಲಿ ಮುಂದೆ, ಉಳಿದ ವಿಷಯಗಳಲ್ಲಿ ಸಾವಧಾನ. 1988ರಲ್ಲಿ ಅವರು ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್‌ನಲ್ಲಿ ಚಿನ್ನದ ಪದಕವನ್ನೂ 2006ರಲ್ಲಿ ಫೀಲ್ಡ್ಸ್ ಪದಕವನ್ನೂ ಪಡೆದರು. ಇಂತಹ ಪ್ರತಿಭೆ ಎಲ್ಲರಿಗೂ ದೊರೆಯುವುದಲ್ಲ. ಆದರೆ ಆ ತಂದೆತಾಯಿಗಳ ವಿವೇಕವು ಯಾವ ಮನೆಯಲ್ಲಾದರೂ ಸಾಧ್ಯ.

ಆದುದರಿಂದ ನಿರ್ಣಯಕ್ಕೆ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಹೇಳಿಸಿಕೊಳ್ಳದೆಯೇ ಮಗು ತಾನಾಗಿ ಲೆಕ್ಕಕ್ಕೆ ಕೂಡುತ್ತದೆಯೇ? ಮುಂದಿನ ಪಾಠಕ್ಕೆ ಹೋಗುವ ಮೊದಲು ಹಿಂದಿನದು ಗಟ್ಟಿಯಾಗಿದೆಯೇ? ಸಾಕೆನಿಸಿದಾಗ ಅವಮಾನವಿಲ್ಲದೆ ಹಿಂದಿರುಗುವ ಸ್ವಾತಂತ್ರ್ಯ ಮಗುವಿಗಿದೆಯೇ? ಮೂರಕ್ಕೂ ಹೌದೆಂಬ ಉತ್ತರ ಬಂದರೆ ಮಗುವನ್ನು ತಡೆಯುವುದು ಅನ್ಯಾಯ. ಮೂರನೆಯದಕ್ಕೆ ಇಲ್ಲವೆಂದಾದರೆ, ಉಳಿದೆರಡು ಅನುಕೂಲವಾಗಿದ್ದರೂ, ಮಗುವನ್ನು ಕಳುಹಿಸದಿರುವುದೇ ಲೇಸು.